ಕುಶಲೋಪರಿ ಮುಗಿದ ಮೇಲೆ

ಆ ಚರ್ಚಾಸ್ಪರ್ಧೆಯಲ್ಲಿ ಗೆದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ಸೋತವಳ ತತ್ವಜ್ಞಾನದಂತೆ ಕೇಳೀತು.

ಬ್ರಿಸ್ಬೇನಿನಲ್ಲಿ ನಮ್ಮ ಚರ್ಚಾಕೂಟದ ನಿಯಮ ಸರಳ. ನಾಣ್ಯ ಚಿಮ್ಮುತ್ತಾರೆ. ಯಾವ ಪಕ್ಷ ಬಿತ್ತೋ, ಗಂಟೆ ಬಾರಿಸುವ ತನಕ ಅದೇ ನಿನ್ನ ನಂಬಿಕೆ. ನಿಜವಾಗಿ ನೀನು ಏನು ನಂಬುತ್ತೀಯ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಅಸಭ್ಯತೆ. ಆ ಸಲದ ವಿಷಯ: ವಸಾಹತುಗಾರರ ಜೊತೆ ಸಂಧಾನಕ್ಕೆ ಕೂತದ್ದರಿಂದ ಮೂಲನಿವಾಸಿಗಳಿಗೆ ನಷ್ಟವೇ ಹೊರತು ಲಾಭವಾಗಲಿಲ್ಲ. ನನಗೆ ಬಿದ್ದದ್ದು ಪರ. ಎದುರು ಪಕ್ಷದವರು ಖಂಡಿತ ಮಪುಚೆ ಜನರನ್ನು ಎಳೆದು ತರುತ್ತಾರೆ ಎಂದು ನನಗೆ ಗೊತ್ತಿತ್ತು. ದಕ್ಷಿಣ ಅಮೆರಿಕದ ತುದಿಯಲ್ಲಿ, ಇವತ್ತಿನ ಚಿಲಿ ದೇಶದ ತೆಂಕಣ ಭಾಗದಲ್ಲಿ, ಸ್ಪೇನಿನ ಸಾಮ್ರಾಜ್ಯವನ್ನು ಬಿಯೊಬಿಯೊ ನದಿಯ ಆಚೆಗೇ ತಡೆದು ನಿಲ್ಲಿಸಿದ ಜನ ಅವರು. ತಡೆದದ್ದು ಬರೀ ಈಟಿಯಿಂದಲ್ಲ, ಮಾತಿನಿಂದಲೂ. ಹಾಗಾಗಿ ಅವರನ್ನು ಓದಲು ಕೂತೆ. ತಿಳಿಯಲಿಕ್ಕಲ್ಲ, ಒಡೆಯಲಿಕ್ಕೆ.

ನಾನಿದ್ದದ್ದು ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯ ಒಂದು ಹಂಚಿಕೊಂಡ ಮನೆಯ ಮಹಡಿಯಲ್ಲಿ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕೂರಲಾಗುತ್ತಿರಲಿಲ್ಲ. ಪುಸ್ತಕ ಎತ್ತಿಕೊಂಡು ಪಕ್ಕದ ಬಡಾವಣೆ ಸನ್ನಿಬ್ಯಾಂಕಿನ ಒಂದು ಚಹಾ ಅಂಗಡಿಗೆ ಹೋಗಿ, ಎ.ಸಿ. ಗಾಳಿ ಬೀಳುವ ಮೂಲೆ ಹಿಡಿಯುತ್ತಿದ್ದೆ. ಗಾಜಿನಾಚೆ ಕಾರ್ ಪಾರ್ಕು ಬಿಸಿಲಿಗೆ ನೀರಿನಂತೆ ಅಲುಗುತ್ತಿತ್ತು. ಬ್ರಿಸ್ಬೇನಿನ ಬೇಸಿಗೆಯಲ್ಲಿ ಓದುವುದೆಂದರೆ ಅರ್ಧ ನಿದ್ದೆಯಲ್ಲಿ ಓದುವುದು. ಕಣ್ಣು ಸಾಲಿನ ಮೇಲೆ, ಮನಸ್ಸು ಸಾಲಿನ ಅಡಿಯಲ್ಲೆಲ್ಲೋ. ಆ ಅಲುಗುವ ಡಾಂಬರಿನ ಮೇಲೆ ಮೆಲ್ಲಗೆ ಒಂದು ಬಯಲು ಮೂಡುತ್ತಿತ್ತು.

ಬಯಲಿನ ಬಡಗಣ ಕಡೆಯಿಂದ ಸ್ಪೇನಿನವರು ಬರುತ್ತಾರೆ. ರಾಜ್ಯಪಾಲ, ಸಿಪಾಯಿಗಳು, ಪಾದ್ರಿಗಳು, ದುಭಾಷಿಗಳು, ಕೊನೆಗೆ ಶಾಯಿಕುಡಿಕೆ ಹಿಡಿದ ಗುಮಾಸ್ತ. ತೆಂಕಣದಿಂದ ಮಪುಚೆ ಮುಖ್ಯಸ್ಥರು ಕುದುರೆಗಳ ಮೇಲೆ. ಕುದುರೆ ತಂದವರು ಸ್ಪೇನಿನವರೇ, ಆದರೆ ಅಷ್ಟರಲ್ಲಿ ಕುದುರೆಗೆ ಅದು ಮರೆತುಹೋಗಿತ್ತು. ಎಲ್ಲರ ಅಧಿಕಾರದ ಬೆತ್ತಗಳನ್ನೂ ಒಟ್ಟಿಗೆ ಕಟ್ಟಿ ನಿಲ್ಲಿಸುತ್ತಾರೆ. ಮಾತಾಡುವವನು ಆ ಕಟ್ಟಿನ ಮೇಲೆ ಕೈಯಿಟ್ಟು ಮಾತಾಡಬೇಕು. ಮಾತೆಂದರೆ ನಮ್ಮಂತೆ ಒದರುವುದಲ್ಲ. ಉಸಿರು ಎಳೆದು, ಅರ್ಧ ಹಾಡಿನಂತೆ, ಬಿಸಿಲು ಒಂದು ಭುಜದಿಂದ ಇನ್ನೊಂದಕ್ಕೆ ಸರಿಯುವ ತನಕ. ಸ್ಪೇನಿನವರು ಉಕ್ಕಿನ ಅಂಗಿಯೊಳಗೆ ಬೇಯುತ್ತ, ಇದೆಷ್ಟು ಹೊತ್ತಪ್ಪಾ ಎಂದು ಗೊಣಗಿದ್ದನ್ನು ಅವರೇ ಬರೆದಿಟ್ಟಿದ್ದಾರೆ.

ಅವರೇ ಬರೆದಿಟ್ಟಿದ್ದಾರೆ. ನನಗೆ ಬೇಕಾದ ಬಿರುಕು ಅಲ್ಲೇ ಸಿಕ್ಕಿತು. ಆ ಬಯಲಿನಲ್ಲಿ ಲೇಖನಿ ಇದ್ದದ್ದು ಒಂದೇ ಪಕ್ಷದ ಕೈಯಲ್ಲಿ. ಅಂದಮೇಲೆ 'ಅವರು ಒಪ್ಪಿದರು' ಎಂಬ ಪ್ರತಿ ಸಾಲಿಗೂ ಸಾಕ್ಷಿ ಯಾರು? ಬರೆದವನೇ. ಜೊತೆಗೆ ಆ ಗುಮಾಸ್ತರು ಮಹಾ ಆತುರಗಾರರು. ಬಂದವರು ಅಷ್ಟು ಹೊತ್ತು ಮಾತಾಡಿದ್ದನ್ನು, ರೂಢಿಯ ಕುಶಲೋಪರಿ ಮುಗಿದ ಮೇಲೆ ಎಂಬಂಥ ಒಂದು ಎಳೆಯಲ್ಲಿ ದಾಟಿ ನೇರ ಷರತ್ತುಗಳಿಗೆ ಇಳಿದುಬಿಡುತ್ತಾರೆ. ನಾನೂ ಷರತ್ತುಗಳನ್ನಷ್ಟೇ ಗುರುತು ಹಾಕಿಕೊಂಡೆ. ಕುಶಲೋಪರಿಯಲ್ಲಿ ಯಾವ ವಾದ ಇರುತ್ತದೆ?

ಸ್ಪರ್ಧೆಯ ದಿನ, ಈ ದೇಶದಲ್ಲಿ ಎಲ್ಲ ಸಭೆಗೂ ಮುನ್ನ ಮಾಡುವಂತೆ, ಈ ನೆಲದ ಮೂಲ ಒಡೆಯರಿಗೆ ಗೌರವ ಸಲ್ಲಿಸುವ ಮಾತನ್ನು ಒಬ್ಬರು ಓದಿದರು. ನಾನು ಅಷ್ಟು ಹೊತ್ತೂ ನನ್ನ ಮೊದಲ ಸಾಲನ್ನು ಬಾಯಿಪಾಠ ಮಾಡುತ್ತಿದ್ದೆ. ಆಮೇಲೆ ಎದ್ದು ನಿಂತು ಮಪುಚೆ ಜನರ ಸಂಧಾನಗಳನ್ನು ಚೂರುಚೂರು ಮಾಡಿದೆ. ತೀರ್ಪುಗಾರರು ಚಪ್ಪಾಳೆ ತಟ್ಟಿದರು. ಹೌದು, ವ್ಯಂಗ್ಯ ಕಾಣುತ್ತದೆ. ಅವತ್ತು ಕಾಣಲಿಲ್ಲ, ಅಷ್ಟೇ.

ಗೆದ್ದ ಸುದ್ದಿ ಹೇಳಲು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಅಡಿಲೇಡಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯೆ. ಜನರನ್ನು ನಿದ್ದೆ ಮಾಡಿಸುವುದೇ ಕೆಲಸವಾದ್ದರಿಂದ ಅವಳ ದನಿಯೂ ಹಾಗೇ, ಮೆತ್ತಗೆ. ನಾನು ಒಂದೇ ಉಸಿರಿಗೆ ನನ್ನ ವಾದವನ್ನೆಲ್ಲ ಒಪ್ಪಿಸಿದೆ.

"ಲೇ, ಯಾರು ಅಂದೆ?"

"ಮಪುಚೆ. ಯಾಕೆ, ಗೊತ್ತಾ?"

"ಗೊತ್ತು ಅಂದ್ರೆ... ನಮ್ಮ ಬೀಗರಾಗ್ಬೇಕು ಅಂತ ಇದಾರೆ ಕಣೇ."

ಹೀಗೆ ತಿಳಿಯಿತು ನನಗೆ ಅಕ್ಕನ ಹುಡುಗನ ವಿಷಯ. ಅವಳದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಹುಟ್ಟಿದ್ದು ಅಡಿಲೇಡಿನಲ್ಲೇ, ಬೆಳೆಸಿದ್ದು ಅವನ ಅಜ್ಜಿ. ಆ ಅಜ್ಜಿ ಮಪುಚೆ ಹೆಂಗಸು, ತೆಮುಕೊ ಎಂಬ ಪಟ್ಟಣದ ಹತ್ತಿರದ ಹಳ್ಳಿಯವರು. ಚಿಲಿಯಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಗಂಡನ ಜೊತೆ ಇಲ್ಲಿಗೆ ಬಂದು, ಕಾರ್ ಕಾರ್ಖಾನೆಯೊಂದರಲ್ಲಿ ಸೀಟು ಹೊಲಿದು, ಮೊಮ್ಮಗನನ್ನು ಓದಿಸಿದವರು.

"ಅಪ್ಪಂಗೆ ಹೇಳಿದ್ಯಾ?"

"ಹೇಳ್ದೆ. 'ಎರಡೂ ಮನೆಯೋರು ಒಂದ್ಸಲ ಕೂತು ಮಾತಾಡೋಣ, ಆಮೇಲೆ ನೋಡೋಣ' ಅಂದ್ರು. ಇವನೂ ಅದನ್ನೇ ಅಂತಾನೆ. ಅಜ್ಜಿ ಒಪ್ಪದೆ ಅವನು ಮುಂದಕ್ಕೆ ಹೋಗಲ್ಲ. ಅಪ್ಪ ಒಪ್ಪದೆ ನಾನೂ ಹೋಗಲ್ಲ. ನೀನು ಬಾ ಕಣೇ. ಮಾತು ನಿಂತ್ರೆ ನೀನು ಎತ್ಕೋ. ಅಷ್ಟು ವರ್ಷ ವಾದ ಮಾಡಿದೀಯ, ಒಂದ್ಸಲ ನನಗೋಸ್ಕರ ಮಾಡು."

ಅಕ್ಕ ನನ್ನನ್ನು ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ.

ದಾರಿ ಸುತ್ತಾದರೂ ಪರ್ತ್‌ನ ಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಅಡಿಲೇಡಿಗೆ ಹೊರಡುವುದೆಂದು ನಿರ್ಧಾರವಾಯಿತು. ಅಪ್ಪನ ಬಗ್ಗೆ ಇಲ್ಲಿ ಒಂದು ಮಾತು. ಪರ್ತ್‌ನ ವೆಲ್ಷ್‌ಪೂಲಿನ ಗೋದಾಮುಗಳಲ್ಲಿ ಮುಗಿಲೆತ್ತರಕ್ಕೆ ಸಾಮಾನು ಪೇರಿಸುವ ಉಕ್ಕಿನ ಅಟ್ಟಣಿಗೆಗಳನ್ನು ವಿನ್ಯಾಸ ಮಾಡುವ ಇಂಜಿನಿಯರ್ ಅವರು. ಎಷ್ಟು ಭಾರ ಹೊತ್ತರೆ ಯಾವ ಕಂಬ ಬಾಗುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುತ್ತಾರೆ. ತಮ್ಮ ಭಾರ ಮಾತ್ರ ಹೇಳುವುದಿಲ್ಲ. ಮೈಸೂರಿಗೆ ಭಾನುವಾರದ ಫೋನಿನಲ್ಲಿ "ಹೂಂ, ಎಲ್ಲಾ ಚೆನ್ನಾಗಿದೀವಿ", ಪಕ್ಕದ ಮನೆಯವರಿಗೆ "ಆಲ್ ಗುಡ್, ಮೇಟ್". ಎರಡು ಭಾಷೆಯಲ್ಲೂ ಒಂದೇ ಬಾಗಿಲು, ಒಂದೇ ಚಿಲಕ.

ಅವರಿಗೊಬ್ಬಳು ತಂಗಿ ಇದ್ದಳು, ನನ್ನ ಅತ್ತೆ. ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ, ವೀಸಾ ಕಾಗದ ಇನ್ನೂ ಸರ್ಕಾರದ ಮೇಜಿನ ಮೇಲಿದ್ದಾಗ, ಮೈಸೂರಿನಲ್ಲಿ ಮಿದುಳು ಜ್ವರ ಬಂದು ತೀರಿಕೊಂಡಳು. ದೇಶ ಬಿಟ್ಟು ಹೋದರೆ ವಾಪಸ್ ಬರಲಾಗದ ಸ್ಥಿತಿ. ಅಪ್ಪ ಹೋಗಲಿಲ್ಲ. ಆಮೇಲೆ ಅವಳ ಹೆಸರು ನಮ್ಮ ಮನೆಯಲ್ಲಿ ಕೇಳಿದ್ದೇ ಇಲ್ಲ. ಬೈದು ನಿಲ್ಲಿಸಿದ್ದಲ್ಲ, ಗಡಿಯಾರ ನಿಂತಂತೆ ತಾನಾಗಿ ನಿಂತದ್ದು.

ಅಮ್ಮ ವಿಮಾನದ ಟಿಕೆಟ್ಟನ್ನು ರಾಹುಕಾಲ ತಪ್ಪಿಸಿ ಕೊಂಡಿದ್ದರು. ಪರ್ತ್‌ನ ರಾಹುಕಾಲವೋ ಮೈಸೂರಿನದೋ ಎಂದು ನಾನು ಕೇಳಿದ್ದಕ್ಕೆ "ನಿನ್ನ ಡಿಬೇಟು ಮನೇಲಿಟ್ಟು ಬಾ" ಎಂಬ ಉತ್ತರ ಸಿಕ್ಕಿತು. ವಿಮಾನ ಮರವಿಲ್ಲದ ಬಯಲಿನ ಮೇಲೆ ಹಾರುತ್ತಲೇ ಇತ್ತು. ಕೆಳಗೆ ತಿಳಿಗೆಂಪು ನೆಲ, ಆಮೇಲೆ ಕತ್ತರಿಸಿಟ್ಟಂತೆ ಸಮುದ್ರ. ನೋಡುತ್ತ ನೋಡುತ್ತ ಆ ಬಯಲಿನಲ್ಲಿ ಮತ್ತೆ ಕುದುರೆಗಳು. ಅವು ನಮ್ಮ ನೆರಳಿನ ಜೊತೆಗೇ ಓಡುತ್ತಿದ್ದವು ಎಂದು ಹೇಳಿದರೆ ನಾನೇ ನಂಬುವುದಿಲ್ಲ. ಆದರೂ ಹಾಗೇ ಇತ್ತು. ಪಕ್ಕದಲ್ಲಿ ಅಪ್ಪ ಸೀಟು ಬೆಲ್ಟನ್ನು ಬಿಚ್ಚದೆ ನೇರ ಕೂತಿದ್ದರು.

ಅಜ್ಜಿಯ ಮನೆ ಅಡಿಲೇಡಿನ ಬಡಗಣ ಬಡಾವಣೆಯಲ್ಲಿ. ಹಿತ್ತಲಿಗೆ ದ್ರಾಕ್ಷಿ ಚಪ್ಪರ, ಅದರಡಿ ಕುರ್ಚಿಗಳು. ಅಜ್ಜಿ ಚಿಕ್ಕ ಆಳು, ಬೆಳ್ಳಿ ಜಡೆ, ದೊಡ್ಡ ಕೈಗಳು. ಅವರು ಅಪ್ಪನನ್ನು ತಮ್ಮ ಎದುರಿಗೇ ಕೂರಿಸಿಕೊಂಡರು, ನಮ್ಮನ್ನೆಲ್ಲ ಆಚೀಚೆ. ಅಕ್ಕನ ಹುಡುಗ ಅಜ್ಜಿಯ ಬೆನ್ನ ಹಿಂದೆ ನಿಂತ. ಅಜ್ಜಿ ಆಡುವುದು ಸ್ಪ್ಯಾನಿಷ್, ನಡುನಡುವೆ ಅವರ ಹಳೆಯ ನುಡಿ. ಅವನು ಅದನ್ನು ಇಂಗ್ಲಿಷಿಗೆ ತರುತ್ತಾನೆ.

ಮೊದಲು ಬಂದದ್ದು ಕಹಿ ಎಲೆಯ ಬಿಸಿ ಕಷಾಯ. ಒಂದೇ ಸೋರೆಬುರುಡೆ, ಒಂದೇ ಲೋಹದ ನಳಿಗೆ, ಎಲ್ಲರೂ ಸರದಿಯಲ್ಲಿ ಹೀರಬೇಕು. ಅಮ್ಮ ನನ್ನ ಕಿವಿಗೆ ಬಗ್ಗಿದರು.

"ಇದು ಎಂಜಲು ಅಲ್ವೇನೇ?"

"ಹೌದು."

"ಎತ್ತಿ ಕುಡಿಯೋಕಾಗಲ್ವಾ?"

"ನಳಿಗೇನ ಎತ್ತಿ ಹೇಗಮ್ಮ ಕುಡೀತೀಯ?"

ಅಮ್ಮ ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದುಕೊಂಡು, ಹೀರಿದರು. ಆಮೇಲೆ ಕಣ್ಣು ತೆರೆದು, "ಕಷಾಯ ಚೆನ್ನಾಗಿದೆ, ಸ್ವಲ್ಪ ಜೀರಿಗೆ ಹಾಕ್ಬಹುದಿತ್ತು" ಎಂದರು. ಅಕ್ಕ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಹುಡುಗ ಅಜ್ಜಿಗೆ ಅನುವಾದಿಸಿಬಿಟ್ಟ. ಅಜ್ಜಿ ನಕ್ಕರು. ಅಕ್ಕನ ಮುಖ ಸಡಿಲಾಯಿತು. ನಾನು ಸಿದ್ಧ ಮಾಡಿಕೊಂಡು ಬಂದಿದ್ದ ವಾದವನ್ನು ಮನಸ್ಸಿನಲ್ಲೇ ಒಮ್ಮೆ ಮುಟ್ಟಿ ನೋಡಿಕೊಂಡೆ; ಬೇಕಾಗಲಿಕ್ಕಿಲ್ಲ ಅನ್ನಿಸಿತು.

ಆಮೇಲೆ ಅಜ್ಜಿ ಕೇಳತೊಡಗಿದರು. ಪ್ರಯಾಣ ಹೇಗಾಯಿತು? ರಾತ್ರಿ ನಿದ್ದೆ ಬಂತೇ? ನಿಮ್ಮ ಊರಿನಲ್ಲಿ ಮಳೆ ಹೇಗೆ? ನಿಮ್ಮ ತಂದೆ ಇದ್ದಾರೆಯೇ? ಹೇಗೆ ಹೋದರು, ನೋವು ಪಟ್ಟರೇ? ತಾಯಿ? ಒಂದೊಂದೇ ಪ್ರಶ್ನೆ, ಆಮೇಲೆ ಅಷ್ಟೇ ಉದ್ದದ ಮೌನ, ಉತ್ತರ ಬಂದು ಕೂರಲಿ ಎಂದು ಕುರ್ಚಿ ಎಳೆದಿಟ್ಟಂತೆ. ಅಪ್ಪನ ಉತ್ತರಗಳು ನಿಂತೇ ಇದ್ದವು.

"ಫಾದರ್ ಪಾಸ್ಡ್ ಅವೇ. ಲಾಂಗ್ ಬ್ಯಾಕ್. ಆಲ್ ಗುಡ್."

ಅಣ್ಣ? ಗುಡ್. ಅತ್ತಿಗೆ? ಗುಡ್. ಅವರ ಮಕ್ಕಳು? ವೆರಿ ಗುಡ್. ದ್ರಾಕ್ಷಿ ಎಲೆಗಳ ನೆರಳು ಎಲ್ಲರ ಮೇಲೂ ಮೀನಿನಂತೆ ಈಜುತ್ತಿತ್ತು. ನನಗೆ ನಿದ್ದೆ ಬರುತ್ತಿತ್ತು, ಸುಳ್ಳೇಕೆ ಹೇಳಲಿ. ವಿಷಯಕ್ಕೆ ಯಾವಾಗ ಬರುತ್ತಾರೆ ಎಂದು ಕಾಯುತ್ತಿದ್ದೆ.

"ತಂಗಿ?" ಎಂದು ಕೇಳಿದರು ಅಜ್ಜಿ.

ಅಪ್ಪ ಅಂಗಿಯ ತೋಳು ಸರಿಮಾಡಿಕೊಂಡರು. "ಸಿಸ್ಟರ್ ಆಲ್ಸೋ ಗುಡ್," ಎಂದರು.

ಅಮ್ಮನ ತಲೆ ತಗ್ಗಿತು. ಹುಡುಗ ಅನುವಾದಿಸಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಜ್ಜಿ ಅಪ್ಪನನ್ನು ನೋಡಿದರು, ಕೋಪದಿಂದಲ್ಲ, ದೂರದ ಬಸ್ಸಿನ ಬೋರ್ಡು ಓದುವವರಂತೆ. ಆಮೇಲೆ ಬುರುಡೆಯ ಬಾಯಿಯ ಮೇಲೆ ಅಂಗೈ ಮುಚ್ಚಿ, ಬಿಸಿಲು ಜಾಸ್ತಿಯಾಯಿತು ಎಂದೇನೋ ಹೇಳಿ, ಎದ್ದು ಒಳಗೆ ಹೋದರು. ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಅಕ್ಕ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಆಪರೇಷನ್ ಕೋಣೆಯ ಹೊರಗೆ ಕಾಯುವವರ ಮುಖದಲ್ಲಿ ನೋಡಿದ್ದೇನೆ, ಅಕ್ಕನಲ್ಲಿ ನೋಡಿರಲಿಲ್ಲ.

ಅಡುಗೆಮನೆಯಲ್ಲಿ ಹುಡುಗನನ್ನು ಹಿಡಿದೆ. ಅವನ ಜೊತೆಗಿನ ಮಾತು ನಡೆದದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅದು ಹೇಗೋ ಕನ್ನಡದಲ್ಲಿದೆ.

"ಏನಾಯ್ತು ಈಗ?"

"ಅಜ್ಜಿ ಕೇಳೋದು ನಿಲ್ಲಿಸಿದ್ರು," ಎಂದ. "ಹಾಗಂದ್ರೆ ಮಾತು ಮುಗೀತು ಅಂತ."

"ಮದುವೆ ಮಾತು ಶುರುವೇ ಆಗಿಲ್ಲ!"

"ಶುರುವಾಗಿತ್ತು. ಅದೇ ಮಾತು. ನಮ್ಮವರು ಅದಕ್ಕೆ ಪೆಂತುಕುನ್ ಅಂತಾರೆ. ಬಂದವರ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕೇಳೋದು, ಇದ್ದೋರನ್ನೂ ಹೋದೋರನ್ನೂ. ನಿಮ್ಮ ಅತ್ತೆ ತೀರಿಕೊಂಡಿದ್ದು ಅಜ್ಜಿಗೆ ಗೊತ್ತು. ನಿಮ್ಮಕ್ಕ ನನಗೆ ಹೇಳಿದ್ಲು, ನಾನು ಅಜ್ಜಿಗೆ ಹೇಳಿದ್ದೆ."

"ಗೊತ್ತಿದ್ದೂ ಕೇಳಿದ್ರಾ? ಹಾಗಾದ್ರೆ ಅದು ಕುಶಲ ಅಲ್ಲ, ಪರೀಕ್ಷೆ."

"ಪರೀಕ್ಷೆ ಅಲ್ಲ. ನಿನಗೆ ನೋವಿದೆ, ಅದನ್ನ ಇಳಿಸೋಕೆ ಇಲ್ಲಿ ಜಾಗ ಇದೆ ಅಂತ ತೋರಿಸೋದು. ನಿಮ್ಮಪ್ಪ ಬೇಡ ಅಂದ್ರು. ಸತ್ತವರನ್ನ ಮುಚ್ಚಿಟ್ಟವನು ನಮ್ಮ ಜೊತೆ ಸಂಬಂಧ ಬೇಡ ಅಂತಿದಾನೆ ಅನ್ಸತ್ತೆ ಅಜ್ಜಿಗೆ."

ನಾನು ಬಿಡುವವಳೇ? ಇದು ನಿಜವಾಗಿ ಪರಂಪರೆಯೋ, ಇಷ್ಟು ವರ್ಷ ಅಡಿಲೇಡಿನಲ್ಲಿದ್ದು ನೆನಪಿನಿಂದ ಕಟ್ಟಿಕೊಂಡದ್ದೋ, ಸುಮ್ಮನೆ ಮುದುಕಿಯ ಸಿಟ್ಟಿಗೆ ಸಂಪ್ರದಾಯದ ಹೆಸರೋ ಎಂದು ಒಂದರ ಹಿಂದೆ ಒಂದು ಕೇಳಿದೆ. ಅವನು ಬುರುಡೆ ತೊಳೆಯುತ್ತ ಕೇಳಿಸಿಕೊಂಡ.

"ಮೂರೂ ಇರಬಹುದು," ಎಂದ. "ನೀವು ವಿಮಾನಕ್ಕೆ ರಾಹುಕಾಲ ನೋಡ್ಕೊಂಡು ಬಂದ್ರಂತೆ?"

ಪಾಯಿಂಟು ಅವನದು. ಮತ್ತು ಆಗ, ಬುರುಡೆಯಿಂದ ನೀರು ಸುರಿಯುವ ಆ ಸದ್ದಿನಲ್ಲಿ, ಸನ್ನಿಬ್ಯಾಂಕಿನ ಬಯಲು ನನ್ನೆದುರು ತಿರುಗಿ ನಿಂತಿತು. ಗುಮಾಸ್ತ ಒಂದು ಎಳೆಯಲ್ಲಿ ದಾಟಿದ್ದು, ನಾನು ಗುರುತು ಹಾಕದೆ ಬಿಟ್ಟದ್ದು ಇದನ್ನೇ. ಸ್ಪೇನಿನವರು ಬೇಯುತ್ತ ಕಾಯುತ್ತಿದ್ದರು, ಮಾತು ಯಾವಾಗ ಶುರುವಾಗುತ್ತದೆ ಎಂದು. ಎದುರಿನವರ ಪಾಲಿಗೆ ಅದು ನಡೆಯುತ್ತಲೇ ಇತ್ತು. ಆ ಕೈ, ಆ ಬೆತ್ತಗಳ ಕಟ್ಟು, ಆ ಎಳೆದ ಉಸಿರು: ಯಾರ ತಂದೆ ಹೋದರು, ಯಾರ ಮಗು ಉಳಿಯಿತು, ನದಿಯ ಈಚೆ ಯಾರು ಯಾರಿಗಾಗಿ ಅತ್ತರು. ಹೀಗೇ ಇತ್ತೆಂದು ನಾನು ಸಾಬೀತು ಮಾಡಲಾರೆ. ಬರೆಯದೆ ಬಿಟ್ಟದ್ದಕ್ಕೆ ಪುರಾವೆ ಎಲ್ಲಿಂದ ತರಲಿ? ಆದರೆ ಅವತ್ತು ಮೊದಲ ಸಲ, ಪುರಾವೆ ಇಲ್ಲದ್ದನ್ನು ಸುಳ್ಳೆನ್ನಲು ನನ್ನ ನಾಲಿಗೆ ಏಳಲಿಲ್ಲ.

ಹಿತ್ತಲಿಗೆ ಹೋದೆ. ಅಪ್ಪ ಅದೇ ಕುರ್ಚಿಯಲ್ಲಿ. ಅಮ್ಮ ಪಕ್ಕದಲ್ಲಿ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ.

"ಅಪ್ಪ, ಅತ್ತೆ ಇಲ್ಲ ಅಂತ ಅವರಿಗೆ ಗೊತ್ತು."

"ಗೊತ್ತಿದ್ರೆ ಯಾಕೆ ಕೇಳ್ಬೇಕು?"

"ನೀವ್ ಹೇಳ್ಲಿ ಅಂತ."

"ಮಗಳ ಮದುವೆ ಮಾತಿಗೆ ಬಂದು ಸಾವಿನ ಸುದ್ದಿ ಎತ್ತಲಾ? ಏನ್ ಮಾತಾಡ್ತೀಯ ಪುಟ್ಟಿ. ಒಳ್ಳೆ ಕೆಲಸಕ್ಕೆ ಕೂತಾಗ ಅದೆಲ್ಲ ಬಾಯಲ್ಲಿ ಬರಬಾರದು. ನಾನು ದೊಡ್ಡೋಳಿಗೋಸ್ಕರನೇ ಹಾಗಂದಿದ್ದು."

ನಿಜ. ನಮ್ಮಲ್ಲಿ ಯಾರೇ ಆದರೂ ಹಾಗೇ ಅನ್ನುತ್ತಿದ್ದರು. ಶುಭಕ್ಕೆ ಅಶುಭದ ನೆರಳು ಬೀಳದಿರಲಿ ಎಂದು ಅಪ್ಪ ಮುಚ್ಚಿದ ಬಾಗಿಲು ಆ ಕಡೆಯವರಿಗೆ ಮುಖದ ಮೇಲೆ ಹಾಕಿದ ಬಾಗಿಲಾಗಿತ್ತು. ಇದನ್ನು ವಿವರಿಸಿದೆ. ಅಪ್ಪ ತಲೆಯಾಡಿಸಿದರು, ಒಪ್ಪಲಿಲ್ಲ. ಆಗ ನನ್ನೊಳಗಿನ ಚರ್ಚಾಪಟುವಿಗೆ ದಾರಿ ಸಿಕ್ಕಿತು.

"ಸರಿ. ಮದುವೆಗೆ ಮುಂಚೆ ನಾಂದಿ ಇಡ್ತೀವಲ್ಲ, ಅಲ್ಲಿ ಕರೆಯೋದು ಯಾರನ್ನ? ಬದುಕಿರೋರನ್ನಾ?"

"ಅದೇನೋ ಸರಿಯಾಗಿ ಕೇಳಿದ್ಲು ನೋಡಿ," ಎಂದರು ಅಮ್ಮ.

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ವಾದ ಬಂದರೆ ಅವರಿಗೂ ಜೀವ ಬರುತ್ತದೆ. ನನಗೆ ಈ ಚಟ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ಬೆರಳು ಮಡಚಿ ಎಣಿಸಿದರು.

"ನಾಂದೀಲಿ ಕರೆಯೋದು ಅಪ್ಪನ್ನ, ತಾತನ್ನ, ಮುತ್ತಾತನ್ನ. ಹೆಂಗಸರಲ್ಲಿ ಅಮ್ಮ, ಅಜ್ಜಿ, ಮುತ್ತಜ್ಜಿ. ಹಿರಿಯರು. ತಂಗೀನ ಯಾರೂ ಕರೆಯಲ್ಲ."

ಗೆದ್ದರು. ಎಂಥ ಅಚ್ಚುಕಟ್ಟಾದ ಖಂಡನೆ! ಗೆದ್ದವರ ಮುಖ ಹೇಗಿರುತ್ತದೆಂದು ನಾನು ತುಂಬ ನೋಡಿದ್ದೇನೆ. ಅಪ್ಪನ ಮುಖ ಹಾಗಿರಲಿಲ್ಲ. ಮಡಚಿದ ಬೆರಳುಗಳು ಮಡಚಿದಂತೇ ಉಳಿದವು. ತಾವೇ ಆಡಿದ ಆ ಕೊನೆಯ ಮಾತು ಚಪ್ಪರದಡಿ ಸುತ್ತಿ ಸುಳಿದು ತಮ್ಮ ಕಡೆಗೇ ಬರುತ್ತಿರುವುದನ್ನು ಅವರು ನೋಡುತ್ತಿದ್ದರು. ಬೇಲಿಯಾಚೆ ಯಾರದೋ ಮನೆಯಲ್ಲಿ ಮಕ್ಕಳು ನೀರಾಟ ಆಡುವ ಸದ್ದು. ಅಮ್ಮ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿದರು.

ಅಪ್ಪ ಎದ್ದು ಹಿತ್ತಲ ನಲ್ಲಿಯಲ್ಲಿ ಮುಖ ತೊಳೆದರು. ಕರ್ಚೀಫಿನಲ್ಲಿ ಒರೆಸಿಕೊಂಡು, "ಆ ಹುಡುಗನ್ನ ಕರಿ. ಅವರ ಅಜ್ಜಿ ಮಲಗಿಲ್ಲ ತಾನೇ?" ಎಂದರು.

ಅಜ್ಜಿ ಮಲಗಿರಲಿಲ್ಲ. ಒಳಗಿನ ಕೋಣೆಯಲ್ಲಿ, ಪರದೆ ಎಳೆದ ತಂಪಿನಲ್ಲಿ ಕೂತಿದ್ದರು. ಅಪ್ಪ ಅವರೆದುರು ಕೂತು, ನನಗೆ ಹೇಳಿದರು: "ಇದು ಇಂಗ್ಲಿಷಲ್ಲಿ ನನಗೆ ಬರಲ್ಲ. ನೀನು ಹೇಳು."

ವೆಲ್ಷ್‌ಪೂಲಿನ ಸಭೆಗಳಲ್ಲಿ ಇಷ್ಟು ವರ್ಷ ಇಂಗ್ಲಿಷಿನಲ್ಲೇ ಎಲ್ಲರ ಬಾಯಿ ಮುಚ್ಚಿಸಿದವರು. ಕನ್ನಡದಲ್ಲಿ ಶುರು ಮಾಡಿದರು. ನಾನು ಅಪ್ಪ ಅಷ್ಟು ಹೊತ್ತು ಮಾತಾಡಿದ್ದನ್ನು ಕೇಳಿರಲೇ ಇಲ್ಲ. ಅವರು ಉಸಿರಿಗೆ ನಿಂತಾಗ, ನಾನು ಕಲಿತ ವಿದ್ಯೆಯಂತೆ, ತಿರುಳು ತೆಗೆದು ಕೊಟ್ಟೆ: ನಮ್ಮ ವೀಸಾ ಆಗುವ ಮುಂಚೆ ತಂಗಿ ತೀರಿಕೊಂಡಳು, ಅಪ್ಪ ಹೋಗಲಾಗಲಿಲ್ಲ.

ಹುಡುಗ ಅಜ್ಜಿಯ ಕಡೆ ತಿರುಗುವ ಬದಲು ನನ್ನ ಕಡೆ ತಿರುಗಿದ. "ಅಷ್ಟು ಹೊತ್ತು ಮಾತಾಡಿದ್ರು. ಇಷ್ಟೇನಾ?"

"ಸಾರಾಂಶ."

"ಸಾರಾಂಶ ಬೇಡ," ಎಂದ. "ಎಲ್ಲಾನೂ."

ಹಾಗಾಗಿ ಎಲ್ಲವನ್ನೂ ಹೇಳಿದೆ. ತಂಗಿ ಪಿ.ಯು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಳು, ಸೀರೆಗೆಲ್ಲ ಆಸಿಡ್ಡಿನ ತೂತು. ಸೈಕಲ್ ಕಲಿಸಿದ್ದು ಅಪ್ಪ. ಅವಳು ಬ್ರೇಕ್ ಹಿಡಿಯದೆ ಪೋಸ್ಟ್‌ಮ್ಯಾನ್‌ಗೆ ಗುದ್ದಿದ್ದಳು. ಅಪ್ಪ ಇಲ್ಲಿಗೆ ಹೊರಟಾಗ "ಅಲ್ಲಿ ನಕ್ಷತ್ರ ತಲೆಕೆಳಗಾಗಿರುತ್ತಂತೆ, ನೋಡಿ ಹೇಳೋ" ಎಂದಿದ್ದಳು. ಅಪ್ಪ ಹೇಳಲಿಲ್ಲ, ಕೆಲಸವಿತ್ತು. ಕೊನೆಯ ದಿನ ಅಣ್ಣ ಸ್ಮಶಾನದಿಂದ ಫೋನ್ ಹಿಡಿದ. ಅಪ್ಪ ಆಗ ರಸ್ತೆ ಬದಿಯ ಸರ್ವೋದಲ್ಲಿ, ಪೆಟ್ರೋಲ್ ಹಾಕಿಸುವಲ್ಲಿ, ಕಾರು ನಿಲ್ಲಿಸಿ ಕೇಳಿಸಿಕೊಂಡರು. ಮಂತ್ರ, ಒಂದು ಕಾಗೆ, ಯಾರದೋ ಸ್ಕೂಟರ್ ಹಾರನ್. ಆಮೇಲೆ ಚಟಪಟ. ಕಿಟಕಿ ತಟ್ಟಿ ಯಾರೋ "ಯು ರೈಟ್, ಮೇಟ್?" ಎಂದು ಕೇಳಿದರು. ಅಪ್ಪ "ಆಲ್ ಗುಡ್" ಎಂದು ಹೇಳಿ ಕೆಲಸಕ್ಕೆ ಹೋದರು.

ನಾನು ಇಂಗ್ಲಿಷಿಗೆ, ಹುಡುಗ ಸ್ಪ್ಯಾನಿಷಿಗೆ. ಪ್ರತಿ ವಾಕ್ಯ ಮೂರು ಬಾಯಿ ದಾಟಿ ಅಜ್ಜಿಯನ್ನು ಮುಟ್ಟುವಾಗ ಅದರ ಅಂಚುಗಳು ಸವೆದು ನುಣುಪಾಗಿರುತ್ತಿದ್ದವು. ಅಜ್ಜಿ ಕೇಳಿದ್ದನ್ನೆಲ್ಲ ಮತ್ತೆ ತಮ್ಮ ಮಾತಿನಲ್ಲಿ ಅಪ್ಪನಿಗೇ ಹಿಂದಿರುಗಿಸಿ ಹೇಳಿದರು: ಆಸಿಡ್ಡಿನ ತೂತು, ಪೋಸ್ಟ್‌ಮ್ಯಾನ್, ಕಾಗೆ. ದನಿ ಎಳೆಯುತ್ತ, ಅರ್ಧ ಹಾಡಿನಂತೆ. ಪರದೆಯ ಹಿಂದೆ ಬಿಸಿಲು ಬಣ್ಣ ಬದಲಿಸುತ್ತಿತ್ತು. ನಾನು ಅಲ್ಲಿದ್ದೆನೋ, ಬಯಲಿನಲ್ಲಿದ್ದೆನೋ, ಯಾವ ಪಕ್ಷದಲ್ಲಿದ್ದೆನೋ ಹೇಳುವುದು ಕಷ್ಟ. ಆಮೇಲೆ ಅಜ್ಜಿ ತಮ್ಮ ತಮ್ಮನ ಬಗ್ಗೆ ಹೇಳಿದರು. ಅವನೂ ದೂರದಲ್ಲೇ ಹೋದವನು, ಅವರಿಗೆ ಫೋನೂ ಸಿಕ್ಕಿರಲಿಲ್ಲ. ಈಗ ಅಪ್ಪ ಕೇಳತೊಡಗಿದರು. ಹೇಗಿದ್ದ? ಎಷ್ಟು ಎತ್ತರ? ನಿಮ್ಮ ಹಾಗೆ ನಗುತ್ತಿದ್ದನಾ?

ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಚೌಕಟ್ಟು ಹಿಡಿದು. ಮದುವೆಯ ಮಾತನ್ನು ಯಾರೂ ಎತ್ತಿರಲಿಲ್ಲ.

"ನಿಮ್ಮ ತಂಗಿಗೆ ತಿನ್ನೋಕೆ ಏನಿಷ್ಟ?" ಎಂದು ಅಜ್ಜಿ ಕೇಳಿದರು.

ಅಪ್ಪ ನಕ್ಕರು. "ಮಾವಿನಕಾಯಿ. ಗಿಣಿಮೂತಿ. ಉಪ್ಪು ಖಾರ ಹಾಕಿ. ನನ್ನ ಪಾಲನ್ನೂ ಕಿತ್ಕೊಂಡು ತಿಂತಿದ್ಲು."

ಅಜ್ಜಿ ತಲೆದೂಗಿ ಒಂದು ಉದ್ದದ ವಾಕ್ಯ ಹೇಳಿದರು. ಹುಡುಗ ಅನುವಾದಿಸಲು ಬಾಯಿ ತೆರೆದವನು ಅಲ್ಲೇ ನಿಂತ. ಸ್ಪ್ಯಾನಿಷ್ ಚೂರುಪಾರು ಕಲಿತಿದ್ದ ಅಕ್ಕನ ಕೈ ಬಾಯಿಗೆ ಹೋಯಿತು.

"ಯಾಕಪ್ಪಾ ನಿಲ್ಲಿಸ್ದೆ?" ಎಂದು ಅಪ್ಪ ಅವನನ್ನೇ ಕೇಳಿದರು, ಕನ್ನಡದಲ್ಲೇ. "ಏನಂದ್ರು ಅಜ್ಜಿ?"

ಭಾಷೆ ಬಾರದಿದ್ದರೂ ಪ್ರಶ್ನೆ ಅರ್ಥವಾಗಿ ಅವನು ಹೇಳಿದ. ಮದುವೆಯ ದಿನ ಹೋದವರಿಗೆಂದು ಒಂದು ತಟ್ಟೆ ಇಡೋಣ. ತನ್ನ ತಮ್ಮನಿಗೆ ಸುಟ್ಟ ರೊಟ್ಟಿ, ನಿಮ್ಮ ತಂಗಿಗೆ ಆ ಕಾಯಿ.

ಅಪ್ಪ ಅಟ್ಟಣಿಗೆಗೆ ಭಾರ ಲೆಕ್ಕ ಹಾಕುವಾಗ ಕೂರುವಂತೆ ಸ್ವಲ್ಪ ಹೊತ್ತು ಕೂತರು. ಆಮೇಲೆ ಹೇಳಿದರು: "ಬ್ರಿಸ್ಬೇನಲ್ಲಿ ಸಿಗಬಹುದು ಮಾವಿನಕಾಯಿ, ಇವಳು ತರ್ತಾಳೆ. ಆದ್ರೆ ಹಣ್ಣಿನ ನೊಣದ ಭಯಕ್ಕೆ ಅಡಿಲೇಡ್ ಏರ್‌ಪೋರ್ಟಲ್ಲಿ ಹೊರಗಿನ ಹಣ್ಣುಕಾಯಿ ಒಳಗೆ ಬಿಡಲ್ಲ. ಬ್ಯಾಗಿಂದ ತೆಗೆದು ಬಿಸಾಕ್ತಾರೆ. ಹಾಗಾಗಿ ಮದುವೇನ ಬ್ರಿಸ್ಬೇನಲ್ಲೇ ಮಾಡ್ಬೇಕಾಗತ್ತೆ."

"ಬ್ರಿಸ್ಬೇನಲ್ಲಾ?" ಎಂದರು ಅಮ್ಮ. "ಅಲ್ಲಿ ನಮಗೆ ಯಾರಿದಾರೆ, ಇವಳೊಬ್ಬಳನ್ನ ಬಿಟ್ಟು? ಇವಳಿಗೆ ಒಂದು ಅನ್ನ ಮಾಡೋಕೆ ಬರಲ್ಲ."

ಅಕ್ಕ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು ಅಳುತ್ತ ನಗುತ್ತಿದ್ದಳು. ಏನು ನಡೆಯಿತು, ಏನೆಂದರು, ಇವಳೇಕೆ ಹೀಗೆ ಅಳುತ್ತ ನಗುತ್ತಿದ್ದಾಳೆ ಎಂದು ಅಜ್ಜಿ ನನ್ನ ಕಡೆ ತಿರುಗಿ ಕಾಯುತ್ತಿದ್ದರು. ನಾನು ಅಪ್ಪನದನ್ನೂ ಅಮ್ಮನದನ್ನೂ ಮೊದಲಿನಿಂದ ಹೇಳತೊಡಗಿದೆ, ನೊಣದ ಸಮೇತ.